ಯಾವ ಊರಿನ ಶಕ್ತಿ?

ಕೊರೊನಾ ಮುಗಿದು ವರ್ಕ್‌ಶಾಪುಗಳ ಬಾಗಿಲು ಮತ್ತೆ ತೆರೆದ ವರ್ಷ. ನಾನು ಆಗ ಸೊಲ್ಲಾಪುರದ ಒಂದು ಐಟಿಐಯಲ್ಲಿ ಪಂಪ್ ಮೆಕ್ಯಾನಿಕ್ ವಿಭಾಗದ ಬೋಧಕ. ನಿವೃತ್ತಿ ಹತ್ತಿರವಿತ್ತು. ಪಾಠವೆಲ್ಲ ಮರಾಠಿಯಲ್ಲಿ, ಬೈಗುಳ ಮಾತ್ರ ನನ್ನೂರು ವಾಗದರಿಯ ಕನ್ನಡದಲ್ಲಿ. ನನ್ನ ಸಿಟ್ಟಿಗೆ ಮರಾಠಿ ಸಾಲುತ್ತಿರಲಿಲ್ಲ. ಆ ಗ್ರೀಸಿನ ವಾಸನೆ, ಮೋಟರುಗಳ ಗುಂಯ್ ಎನ್ನುವ ಸದ್ದು ಇವತ್ತಿಗೂ ಬೇಕೆನಿಸುತ್ತದೆ.

ಆ ತಂಡದಲ್ಲಿದ್ದ ಒಬ್ಬಳೇ ಹುಡುಗಿ ತಡವಳದ ಮಹಾದೇವಿ. ಇಂಡಿ ಕಡೆಯ ಅಜ್ಜಿಯ ಮನೆಯಲ್ಲಿದ್ದು, ಕರ್ನಾಟಕದ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ ಬಂದವಳು. ತಾಯಿ ಸೊಲ್ಲಾಪುರದ ಪಾವರ್‌ಲೂಮಿನಲ್ಲಿ ಚಾದರ ನೇಯುತ್ತಿದ್ದಳು. ಅಕ್ಕಲಕೋಟದ ನೀರೆತ್ತುವ ಘಟಕವೊಂದರಲ್ಲಿ ಮಹಾದೇವಿಗೆ ಅಪ್ರೆಂಟಿಸ್ ಜಾಗ ಗೊತ್ತಾಗಿತ್ತು. ಮೌಖಿಕ ಪರೀಕ್ಷೆಯಲ್ಲಿ ಫೇಲಾದರೆ ಆ ಜಾಗ ಬೇರೆಯವರಿಗೆ. ಅವಳು ತಾಯಿಯ ಪಕ್ಕದ ಲೂಮಿಗೆ.

ಪರೀಕ್ಷಕರು ಪುಣೆಯವರು, ಕನ್ನಡ ಬಾರದು. ಅವರು ಕೇಳಿದ ಲೆಕ್ಕ ಸರಳ: ಮುನ್ನೂರು ಲೀಟರ್ ನೀರನ್ನು ಹತ್ತು ಮೀಟರ್ ಎತ್ತರಕ್ಕೆ ಒಂದು ನಿಮಿಷದಲ್ಲಿ ಏರಿಸಬೇಕು.

“ಶಕ್ತಿ ಕಿತಿ?” ಶಕ್ತಿ ಎಷ್ಟು ಎಂದರು.

“ತೀಸ ಹಜಾರ ಜೂಲ್,” ಎಂದಳು ಮಹಾದೇವಿ, ಥಟ್ಟನೆ.

ಗುರುತ್ವವನ್ನು ಹತ್ತು ಎಂದು ಹಿಡಿದರೆ ನೀರನ್ನು ಎತ್ತಲು ಮಾಡಿದ ಕೆಲಸ ಮೂವತ್ತು ಸಾವಿರ ಜೂಲ್. ಅದನ್ನು ಅರವತ್ತು ಸೆಕೆಂಡಿನಿಂದ ಭಾಗಿಸಿದರೆ ಸಿಗುವುದು ಪವರ್, ಅಂದರೆ ಕೆಲಸದ ವೇಗ: ಐನೂರು ವ್ಯಾಟ್. ಪರೀಕ್ಷಕರಿಗೆ ಬೇಕಾಗಿದ್ದುದು ಐನೂರು. ಮತ್ತೊಮ್ಮೆ ಕೇಳಿದರು. ಮತ್ತೆ ಅದೇ ಉತ್ತರ. ಹುಡುಗಿಗೆ ಬೇಸಿಕ್ಕೇ ಗೊತ್ತಿಲ್ಲ ಎಂದು ಮರಾಠಿಯಲ್ಲಿ ಗೊಣಗಿ ಪೆನ್ನು ತೆಗೆದರು.

ಅಯ್ಯೋ ಇವಳ! ವರ್ಷವಿಡೀ ಕಲಿಸಿದ್ದು ನೀರಿನಲ್ಲಿ ಹೋಮವಾಯಿತಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಆದರೆ ಅವಳ ಮುಖ ನೋಡಿದೆ. ಅಲ್ಲಿ ಹೆದರಿಕೆಯೇ ಇಲ್ಲ. ಪಾಪ, ಈ ಸಾಹೇಬರಿಗೆ ಏನಾಗಿದೆ ಎನ್ನುವಂತೆ ನೋಡುತ್ತಿದ್ದಳು. ಆಗ ಹೊಳೆಯಿತು. ಮರಾಠಿ ಪುಸ್ತಕದಲ್ಲಿ ಶಕ್ತಿ ಎಂದರೆ ಪವರ್. ಕನ್ನಡ ಪುಸ್ತಕದಲ್ಲಿ ಶಕ್ತಿ ಎಂದರೆ ಎನರ್ಜಿ, ಅದರ ಅಳತೆ ಜೂಲ್. ಪವರ್‌ಗೆ ಅಲ್ಲಿ ಸಾಮರ್ಥ್ಯ ಎನ್ನುತ್ತಾರೆ. ವರ್ಕ್‌ಶಾಪಿನಲ್ಲಿ ನಾವೆಲ್ಲ ‘ಪಾವರ್’ ಎಂದೇ ಹೇಳುತ್ತಿದ್ದೆವು. ‘ಶಕ್ತಿ’ ಎನ್ನುವ ಆ ಶುದ್ಧ ಮರಾಠಿ ಪುಣೆಯಿಂದ ಬಂದಿತ್ತು.

“ಸಾಹೇಬರೇ, ಬರೆಯಬೇಡಿ,” ಎಂದೆ ಮರಾಠಿಯಲ್ಲಿ. “ಉತ್ತರ ಹೇಳಿಕೊಡುವುದಿಲ್ಲ. ಒಂದೇ ಒಂದು ಮಾತಿನ ಅರ್ಥ ಕೇಳುತ್ತೇನೆ.” ಅವರು ಹುಬ್ಬು ಗಂಟಿಕ್ಕಿದರು, ಪೆನ್ನು ಮಾತ್ರ ನಿಂತಿತು.

“ಏನವ್ವಾ, ನಿಮ್ಮ ಸಾಲ್ಯಾಗ ಶಕ್ತಿ ಅಂದ್ರ ಏನಂತ ಕಲಿಸ್ಯಾರ?”

“ಕೆಲಸಾ ಮಾಡೂ ತಾಕತ್ತುರಿ ಸರ್.”

ಅದನ್ನು ಮರಾಠಿಯಲ್ಲಿ ಹೇಳಿದೆ. ಪರೀಕ್ಷಕರು ಅವಳತ್ತ ಬಾಗಿ, “ಪಾವರ್ ಕಿತಿ?” ಎಂದರು.

“ಪಾಚಶೇ ವ್ಯಾಟ್!” ಐನೂರು ವ್ಯಾಟ್ ಎಂದವಳೇ ನನ್ನ ಕಡೆ ತಿರುಗಿ ರೇಗಿದಳು. “ಪಾವರ್ ಅಂತ ಮೊದಲಽ ಕೇಳಬಾರದೇನ್ರಿ ಸರ್? ನಮ್ಮವ್ವ ದಿನಾ ಪಾವರ್‌ಲೂಮಿಗೇ ಹೋಗತಾಳ!”

ಪರೀಕ್ಷಕರಿಗೆ ‘ಪಾವರ್‌ಲೂಮ್’ ಅಷ್ಟೇ ತಿಳಿಯಿತು. ಅಷ್ಟಕ್ಕೇ ನಕ್ಕುಬಿಟ್ಟರು. ಮಹಾದೇವಿ ಪಾಸಾದಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಉತ್ತರ ತಪ್ಪೆನ್ನುವ ಮೊದಲು, ಪ್ರಶ್ನೆ ಆ ಕಿವಿಗೆ ಯಾವ ಭಾಷೆಯಲ್ಲಿ ಕೇಳಿಸಿತು ಎಂದು ವಿಚಾರಿಸಬೇಕು. ನೌಕರಿ ನನಗೆ ಕಲಿಸಿದ್ದರಲ್ಲಿ ಇದೇ ದೊಡ್ಡದು. ಹೋದ ಬೇಸಿಗೆಯಲ್ಲಿ ವಾಗದರಿಯ ನಮ್ಮ ಬಾವಿಯ ಮೋಟರ್ ಕೈಕೊಟ್ಟಾಗ ಅಕ್ಕಲಕೋಟದಿಂದ ಬೈಕಿನಲ್ಲಿ ಬಂದವಳು ಅವಳೇ. ಮೋಟರ್ ಬಿಚ್ಚಿ ಕುಳಿತಿದ್ದವಳನ್ನು ಕಂಡು ನನಗೆ ಸುಮ್ಮನಿರಲಾಗಲಿಲ್ಲ.

“ಇದರ ಶಕ್ತಿ ಎಷ್ಟವ್ವಾ?” ಎಂದೆ.

ತಲೆ ಎತ್ತದೆಯೇ ಕೇಳಿದಳು: “ಯಾವ ಊರಿನ ಶಕ್ತಿರಿ ಸರ್?”