ಸಮನ್ವಿತಾ ಎಂದು ಬರೆದ ತಟ್ಟೆ

ಸಾರಕ್ಕಿ ಮಾರುಕಟ್ಟೆಯ ಪಕ್ಕದ ರಸ್ತೆಯಲ್ಲಿ ದೇವದಾಸ್ ಅವರ ಪಾತ್ರೆ ಅಂಗಡಿ. ಬಾಗಿಲಿನ ಎಡಕ್ಕೆ ಒಂದು ಗಿಡ್ಡ ಸ್ಟೂಲು, ಅದರ ಮುಂದೆ ಒಂದು ಹಲಗೆಯ ಮೇಜು. ಅಲ್ಲಿ ಕುಳಿತು ಮರೆಪ್ಪ ಇಪ್ಪತ್ತೊಂಬತ್ತು ವರ್ಷಗಳಿಂದ ಪಾತ್ರೆಗಳ ಮೇಲೆ ಹೆಸರು ಬರೆಯುತ್ತಿದ್ದಾನೆ. ಕೈಯಲ್ಲಿ ಪೆನ್ನಿನಂತಹ ಪುಟ್ಟ ಮೆಷಿನ್ನು. ಅದು ಟರ್ರ್ ಎಂದು ಸದ್ದು ಮಾಡುತ್ತ ಹೋದ ಹಾಗೆ ಸ್ಟೀಲಿನ ಮೇಲೆ ಅಕ್ಷರಗಳು ಚುಕ್ಕೆ ಚುಕ್ಕೆಯಾಗಿ ಮೂಡುತ್ತವೆ.

ಅವನ ಊರು ಮಾನ್ವಿಯ ಕಡೆಯ ಒಂದು ಹಳ್ಳಿ. ಮಾರೆಮ್ಮನಿಗೆ ಹರಕೆ ಹೊತ್ತು ಇಟ್ಟ ಹೆಸರು ಮರೆಪ್ಪ. ಅವನ ಓಣಿಯೊಂದರಲ್ಲೇ ಐದು ಜನ ಮರೆಪ್ಪಂದಿರಿದ್ದರು. ಹೆಸರು ಕೂಗಿದರೆ ಐದು ಬಾಗಿಲಿನಿಂದ ಐದು ತಲೆ ಹೊರಗೆ ಬರುತ್ತಿದ್ದವು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು, ಮೀಸೆ ಬಂದ ಮೇಲೆ ಜೆ.ಪಿ. ನಗರದ ಮನೆಗಳಿಗೆ ಇಟ್ಟಿಗೆ ಹೊರಲು ಬಂದ. ಬೆನ್ನು ಕೈಕೊಟ್ಟಾಗ ದೇವದಾಸ್ ಅವರ ತಂದೆ ಪಾತ್ರೆ ಜೋಡಿಸುವ ಕೆಲಸ ಕೊಟ್ಟರು. ಹೆಸರು ಬರೆಯುತ್ತಿದ್ದವನು ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟು ಹೋದ. ಮರೆಪ್ಪ ಒಂದು ತೂತು ಬಕೆಟ್ಟನ್ನು ಮುಂದಿಟ್ಟುಕೊಂಡು ಮೂರು ತಿಂಗಳು ಅ ಆ ಇ ಈ ತಿದ್ದಿದ. ಆ ಬಕೆಟ್ಟಿನ ಮೇಲೆ ಬೆರಳಿಡುವಷ್ಟು ಜಾಗವೂ ಉಳಿಯಲಿಲ್ಲ. ಅಕ್ಷರ ಮಾತ್ರ ಮುತ್ತಿನಂತಾಯಿತು.

ಬಿ.ಟಿ.ಎಂ. ಲೇಔಟಿನ ಬಾಡಿಗೆ ಮನೆಯಲ್ಲಿ ಅವನ ಹೆಂಡತಿ ತಂಗೆವ್ವನದು ಒಂದೇ ದೂರು. "ಊರ ಮಂದಿ ಹೆಸರೆಲ್ಲಾ ಬರೀತಿ. ಮನ್ಯಾಗ ಒಂದು ಲೋಟದ ಮ್ಯಾಲ ನನ್ನ ಹೆಸರಿಲ್ಲ ನೋಡು!"

"ನಿನ್ನ ಲೋಟ ಯಾರು ಒಯ್ತಾರ ಬಿಡು," ಎಂದು ಅವನು ನಗುತ್ತಿದ್ದ.

ಹುಟ್ಟಿದ ಮಕ್ಕಳಿಗೆ ಯಾವ ಕಾಲದಲ್ಲಿ ಯಾವ ಹೆಸರು ಬಂತು, ಯಾವುದು ಹೋಯಿತು ಎಂಬುದು ಮರೆಪ್ಪನಿಗೆ ತಿಳಿದಷ್ಟು ಜನಗಣತಿಯವರಿಗೂ ತಿಳಿಯದು. ಅವನು ಕೆಲಸ ಕಲಿತಾಗ ದಿವ್ಯಾ, ರಮ್ಯಾ, ಶ್ವೇತಾ ಎಂದು ಬರೆದು ಬರೆದು ಕೈ ಸೋತಿತ್ತು. ಆಮೇಲೆ ಸ್ಫೂರ್ತಿ, ಸಿಂಚನಾ ಬಂದವು. ಈಗ ಏಳೆಂಟು ವರ್ಷಗಳಿಂದ ಸಮನ್ವಿತಾ. ಮೊದಲು ಜಯನಗರದಿಂದ ಒಂದು ಬಂತು, ಮರುವರ್ಷ ಗಿರಿನಗರದಿಂದ ಎರಡು. ಈ ವರ್ಷ ಯುಗಾದಿಯಿಂದ ಈಚೆಗೆ ಹನ್ನೊಂದು. ಕಣ್ಣು ಮುಚ್ಚಿದರೂ ಆ ನಾಲ್ಕು ಅಕ್ಷರ ಬರೆಯಬಲ್ಲ.

ಆದರೆ ಅರ್ಥ ಗೊತ್ತಿರಲಿಲ್ಲ. ಪಂಚಪಾತ್ರೆ ಕೊಳ್ಳಲು ಬಂದ ಪುರೋಹಿತರೊಬ್ಬರನ್ನು ಒಮ್ಮೆ ಕೇಳಿದ. ಅವರು ಉದ್ಧರಣೆಯಿಂದ ಪಂಚಪಾತ್ರೆಯನ್ನು ಟಣ್ ಎಂದು ತಟ್ಟಿ ನೋಡುತ್ತಲೇ ಹೇಳಿದರು. "ಸಂಸ್ಕೃತ ಪದ ಕಣಯ್ಯ. ಒಬ್ಬರ ಹಿಂದೆ ನಡ್ಕೊಂಡು ಬಂದು ಅವರ ಜೊತೆ ಸೇರ್ಕೊಂಡ್ರೆ ಅನ್ವಿತ. ಚೆನ್ನಾಗಿ ಸೇರ್ಕೊಂಡ್ಬಿಟ್ರೆ ಸಮನ್ವಿತ. ಹಿಂದೆ ಇದು ಹೆಸರೇ ಅಲ್ಲ. ಭಕ್ತಿಸಮನ್ವಿತ, ಗುಣಸಮನ್ವಿತ ಅಂತ ಇನ್ನೊಂದು ಪದದ ಬಾಲದಲ್ಲಿ ಇರ್ತಿತ್ತು. ಈಗ ಬಾಲವನ್ನೇ ಕತ್ತರಿಸಿ ಹೆಸರು ಮಾಡ್ಕೊಂಡಿದ್ದಾರೆ. ಕೇಳಕ್ಕೆ ಚೆನ್ನಾಗಿದೆ. ಆದ್ರೆ ಯಾರ ಜೊತೆ ಸೇರಿದ್ದು ಅಂತ ಹೇಳದೇ ಹೋದ್ರೆ ಅರ್ಧ ಮಾತೇ."

ಆ ವಾರವೇ ಕಮಲಾದೇವಿ ಬಂದರು. ಅರವತ್ತೆಂಟರ ಆಸುಪಾಸು, ಇಸ್ತ್ರಿ ಮಾಡಿದ ಹತ್ತಿ ಸೀರೆ, ನೆಟ್ಟಗಿನ ನಡಿಗೆ. ಒಂದು ಊಟದ ತಟ್ಟೆ ಆರಿಸಿ ಮರೆಪ್ಪನ ಮೇಜಿನ ಮೇಲಿಟ್ಟರು.

"ಸಮನ್ವಿತಾ ಅಂತ ಬರಿಯಪ್ಪ."

"ನಾಮಕರಣ ಏನ್ರೀ ಅಮ್ಮಾ?"

"ಹೂಂ. ಭಾನುವಾರ."

ನಾಮಕರಣದ ಪಾತ್ರೆಗೆ ಒಂದು ಕ್ರಮವಿದೆ. ಮೊದಲು ಮಗುವಿನ ಹೆಸರು. ಅದರ ಕೆಳಗೆ ಕೊಡುವವರ ನಂಟು ಮತ್ತು ಹೆಸರು. ಕೊನೆಗೆ ನಾಮಕರಣದ ದಿನಾಂಕ. ಮರೆಪ್ಪ ಸ್ಕೆಚ್ ಪೆನ್ನು ಹಿಡಿದು ತಟ್ಟೆಯ ಹಿಂಬದಿಯಲ್ಲಿ ಮೂರು ಗೆರೆ ಎಳೆದುಕೊಂಡ.

"ಕೊಡೋರ ಹೆಸರು ಹೇಳ್ರೀ. ಅಜ್ಜಿ ಅಂತ ಹಾಕ್ಲೇನು?"

"ಬೇಡ."

"ಬರೇ ಹೆಸರು?"

"ನನ್ನ ಹೆಸರೂ ಬೇಡ, ದಿನಾಂಕಾನೂ ಬೇಡ. ಮಗು ಹೆಸರೊಂದೇ ಸಾಕು."

ಮರೆಪ್ಪ ಮೆಷಿನ್ನನ್ನು ಕೆಳಗಿಟ್ಟ. ಲೋಟ ಕೊಡುವ ಪಕ್ಕದ ಮನೆಯವರು ಕೂಡ ದೊಡ್ಡ ಅಕ್ಷರದಲ್ಲಿ ತಮ್ಮ ಹೆಸರು ಹಾಕಿಸಿಕೊಳ್ಳುವ ಕಾಲ ಇದು.  ಕಾರಣವನ್ನು ಕಮಲಾದೇವಿಯೇ ಹೇಳಿದರು. ಹೆಸರು ಬರೆಸಲು ಬಂದವರು ಆ ಸ್ಟೂಲಿನ ಪಕ್ಕ ನಿಂತು ಮನೆಯ ವಿಷಯ ಹೇಳಿಕೊಳ್ಳುವುದು ಅವನಿಗೆ ಹೊಸದಲ್ಲ.

ಮಗ ಮಯೂರ್ ಮತ್ತು ಸೊಸೆ ಸುರಭಿಗೆ ಮದುವೆಯಾಗಿ ಒಂಬತ್ತು ವರ್ಷ. ಮಕ್ಕಳಾಗಲಿಲ್ಲ. ಎಲ್ಲ ಕಾಗದಪತ್ರ ಮಾಡಿಸಿ, ಶಿಶುಗೃಹದಿಂದ ಏಳು ತಿಂಗಳ ಹೆಣ್ಣು ಮಗುವನ್ನು ಮನೆಗೆ ಕರೆತಂದಿದ್ದರು.

"ನಾನೇನು ಬೇಡ ಅನ್ನಲಿಲ್ಲ. ನೀರೆರೀತೀನಿ, ತೊಡೆ ಮೇಲೆ ಕೂರಿಸ್ಕೊಂಡು ರಾಗಿ ಸರಿ ತಿನ್ನಿಸ್ತೀನಿ. ಅಜ್ಜಿ ಅಂತ ಅಂದ್ಕೊಳ್ಳೋಕೆ ಮಾತ್ರ ಬಾಯಿ ಬರ್ತಿಲ್ಲಪ್ಪ. ಬರ್ದೇ ಇರೋದನ್ನ ಸ್ಟೀಲಿನ ಮೇಲೆ ಹೇಗೆ ಬರೆಸಲಿ? ಸುಳ್ಳಾಗುತ್ತೆ."

"ಹೆಸರು ಯಾರು ಆರಿಸಿದ್ರೀ?"

"ಸುರಭಿ. ಫೋನಲ್ಲಿ ನೋಡಿರ್ತಾಳೆ. ಬೀದಿಗೆ ನಾಲ್ಕು ಇದಾವೆ ಈ ಹೆಸರು. ಅರ್ಥ ಕೇಳಿದ್ರೆ, ನೀವೇ ಯೋಚ್ನೆ ಮಾಡಿ ಅತ್ತೆ ಅಂದ್ಳು."

ಮರೆಪ್ಪ ಪುರೋಹಿತರ ಮಾತನ್ನು ತನಗೆ ನೆನಪಿದ್ದಷ್ಟು ಹೇಳಿದ. ನಡೆದುಬಂದು ಸೇರಿಕೊಂಡವಳು, ಚೆನ್ನಾಗಿ ಸೇರಿಕೊಂಡವಳು. ಅರ್ಧ ಮಾತು ಎಂದದ್ದನ್ನು ನುಂಗಿಕೊಂಡ. ಕಮಲಾದೇವಿ ತಟ್ಟೆಯ ಅಂಚನ್ನು ಬೆರಳಿನಿಂದ ಸವರಿದರು. 

"ಸುರಭಿ ಜಾಣೆ," ಎಂದರು. "ಆದ್ರೂ ಹೆಸರೊಂದೇ ಬರಿ."

ಒಂದೇ ಹೆಸರಾದರೆ ತಟ್ಟೆಯ ನಟ್ಟನಡುವೆ ಬರೆಯಬೇಕು. ಅದು ಕಸುಬಿನ ಮೊದಲ ಪಾಠ. ಮರೆಪ್ಪ ಮೊದಲು ಎಳೆದಿದ್ದ ಮೂರು ಗೆರೆಗಳಲ್ಲಿ ಮೇಲಿನದರ ಮೇಲೆ ಬರೆದ. ಕೆಳಗಿನ ಎರಡು ಗೆರೆಗಳನ್ನು ಬಟ್ಟೆಯಿಂದ ಒರೆಸಿದ. ಬಿಲ್ಲು ಹಾಕುವಾಗ ದೇವದಾಸ್ ತಟ್ಟೆಯನ್ನು ತಿರುಗಿಸಿ ನೋಡಿದರು.

"ಏನೋ ಇದು ಮರೆಪ್ಪ? ಹೆಸರು ಮಹಡಿ ಹತ್ತಿ ಕೂತಿದೆ! ಕಣ್ಣಿಗೆ ಕನ್ನಡಕ ಹಾಕಿಸ್ಕೊ ಅಂದ್ರೆ ಕೇಳಲ್ಲ. ಅಮ್ಮಾ, ಬೇರೆ ತಟ್ಟೆ ತೊಗೊಳ್ಳಿ."

ಕಮಲಾದೇವಿ ತಟ್ಟೆಯ ಕೆಳಗಿನ ಬರಿದಾದ ಜಾಗವನ್ನು ನೋಡಿದರು, ಮರೆಪ್ಪನನ್ನು ನೋಡಿದರು. ಅವನು ತಲೆ ಬಗ್ಗಿಸಿ ಮೆಷಿನ್ನಿನ ವೈರು ಸುತ್ತುತ್ತಿದ್ದ.

"ಇರ್ಲಿ ಬಿಡಿ. ಹೀಗೇ ಕೊಡಿ," ಎಂದು ಚೀಲಕ್ಕೆ ಹಾಕಿಕೊಂಡು ಹೊರಟರು.

ಆ ಭಾನುವಾರ ಕಳೆಯಿತು. ಮರೆಪ್ಪನಿಗೆ ಆ ತಟ್ಟೆ ಆಗಾಗ ಚುಚ್ಚುತ್ತಿತ್ತು. ಕೇಳದ ಜಾಗ ಬಿಟ್ಟು ಆ ಹಿರಿಯ ಜೀವವನ್ನು ನೋಯಿಸಿದೆನೇನೋ? ಮಗು ದೊಡ್ಡದಾಗಿ, ಓದಲು ಕಲಿತು, ನನ್ನ ಹೆಸರಿನ ಕೆಳಗೆ ಏಕೆ ಏನೂ ಇಲ್ಲ ಎಂದು ಕೇಳಿದರೆ ಆ ಮನೆಯಲ್ಲಿ ಯಾರು ಉತ್ತರ ಹೇಳಬೇಕು? ತಂಗೆವ್ವನಿಗೆ ಹೇಳಿದ. "ನಿಂದು ಬರಿಯೋ ಕೆಲಸ. ಬಿಡೋ ಕೆಲಸ ನಿನಗ್ಯಾರು ಹಚ್ಯಾರ?" ಎಂದು ಅವಳು ಗದರಿದಳು.

ಎರಡು ತಿಂಗಳಾದ ಮೇಲೆ, ಒಂದು ಬುಧವಾರ ಮಧ್ಯಾಹ್ನ, ಅಂಗಡಿಯ ಮುಂದೆ ಒಂದು ಆಟೊ ನಿಂತಿತು. ಕಮಲಾದೇವಿ ಇಳಿದರು. ಸೊಂಟದ ಮೇಲೆ ಮಗು, ಹೆಗಲಲ್ಲಿ ಚೀಲ. ಸೀರೆಯ ನೆರಿಗೆ ಎಲ್ಲೆಲ್ಲೋ ಹೋಗಿತ್ತು. ಮಗುವಿನ ಕೆನ್ನೆಯ ಮೇಲೆ ಅತ್ತ ಗುರುತು ಇನ್ನೂ ಆರಿರಲಿಲ್ಲ.

"ಒಂಬತ್ತು ತಿಂಗಳ ಇಂಜೆಕ್ಷನ್ ಹಾಕಿಸ್ಕೊಂಡು, ಮನೆಗೆ ಹೋಗಿ ತಟ್ಟೆ ತೊಗೊಂಡು ಬರ್ತಿದೀನಿ," ಎಂದು ಸ್ಟೂಲಿನ ಎದುರಿನ ಕುರ್ಚಿಯಲ್ಲಿ ಕುಸಿದರು. "ಸುರಭಿಗೆ ಆಫೀಸು. ನಾನೊಬ್ಬಳೇ ಹೋಗಿದ್ದೆ. ಕ್ಲಿನಿಕ್ ತುಂಬಾ ಮಕ್ಕಳು. ನರ್ಸು ಬಾಗಿಲಲ್ಲಿ ನಿಂತು ಸಮನ್ವಿತಾ ಅಂತ ಕೂಗಿದ್ಳು. ಮೂರು ಜನ ಎದ್ವಿ ನೋಡು!"

ದೇವದಾಸ್ ಗೊಳ್ಳೆಂದು ನಕ್ಕರು. "ಈಗ ಹಾದೀಲಿ ಬೀದೀಲಿ ಸಮನ್ವಿತಾ!"

"ಯಾರ ಸಮನ್ವಿತಾ, ಬೇಗ ಹೇಳ್ರೀ ಅಂತ ನರ್ಸು ಬೈದ್ಳು. ಒಬ್ಬಳು ನನ್ನ ಮಗಳು ಅಂದ್ಳು. ಇನ್ನೊಬ್ಬಳೂ ನನ್ನ ಮಗಳು ಅಂದ್ಳು. ನರ್ಸು ನನ್ನ ಕಡೆ ತಿರುಗಿದ್ಳು. ಇವಳು ಬೇರೆ ನನ್ನ ಸೆರಗು ಬಾಯಿಗೆ ಹಾಕ್ಕೊಂಡು ನನ್ನ ಮುಖಾನೇ ನೋಡ್ತಿದ್ಳು." ಕಮಲಾದೇವಿ ಉಸಿರೆಳೆದುಕೊಂಡರು. "ನನ್ನ ಮೊಮ್ಮಗಳು ಕಣಮ್ಮ ಅಂದೆ. ಎಷ್ಟು ಜೋರಾಗಿ ಅಂದ್ನೋ, ಕ್ಲಿನಿಕ್ ಎಲ್ಲಾ ತಿರುಗಿ ನೋಡ್ತು. ಹೇಳೋ ತನಕ ನನಗೇ ಗೊತ್ತಿರಲಿಲ್ಲ ಮರೆಪ್ಪ, ಬಾಯಿ ಬರುತ್ತೆ ಅಂತ."

ಅವರು ತನ್ನ ಹೆಸರು ಹಿಡಿದು ಕರೆದದ್ದು ಮರೆಪ್ಪನಿಗೆ ಆಮೇಲೆ ಹೊಳೆಯಿತು. ಆಗ ಅವನು ಕೈ ಚಾಚಿ ತಟ್ಟೆ ಇಸಿದುಕೊಂಡ. ತಿಂದ ತಟ್ಟೆ, ಅಲ್ಲಲ್ಲಿ ಚಮಚದ ಗೀರು. ಸ್ಕೆಚ್ ಪೆನ್ನಿನಿಂದ ಮತ್ತೆ ಎರಡು ಗೆರೆ ಎಳೆದು, ಎರಡನೆಯ ಸಾಲಿನಲ್ಲಿ 'ಅಜ್ಜಿ ಕಮಲಾದೇವಿ' ಎಂದು ನಿಧಾನವಾಗಿ ಬರೆದ. ಮೆಷಿನ್ನಿನ ಸದ್ದಿಗೆ ಮಗು ಕಣ್ಣರಳಿಸಿತು.

"ದಿನಾಂಕ? ನಾಮಕರಣ ಯಾವತ್ತಾತ್ರೀ ಅಮ್ಮಾ?"

"ನಾಮಕರಣದ್ದು ಬೇಡ."

"ಮತ್ತ? ಅದೇ ಅಲ್ರೀ ಪದ್ಧತಿ?"

"ಅವತ್ತು ನಾನಿನ್ನೂ ಅಜ್ಜಿ ಆಗಿರಲಿಲ್ಲಪ್ಪ," ಎಂದರು ಕಮಲಾದೇವಿ, ಮಗುವಿನ ಮುಷ್ಟಿಯಿಂದ ಸೆರಗು ಬಿಡಿಸಿಕೊಳ್ಳುತ್ತ. "ಇವತ್ತಿಂದು ಹಾಕು."

ಮರೆಪ್ಪ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದ. ಹಬ್ಬವಲ್ಲ, ಹುಣ್ಣಿಮೆಯಲ್ಲ, ಬರಿಯ ಒಂದು ಬುಧವಾರ. ಆ ದಿನಾಂಕವನ್ನೇ ಅವನು ಮುತ್ತಿನಂತಹ ಅಂಕಿಗಳಲ್ಲಿ ಬರೆದ.