ಕಾಕಾ ಕೊಟ್ಟ ಜಾಮೀನು

ವಿದ್ಯಾನಗರದ ಕಾಲೇಜೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವನು ನಾನು. ಹೋದ ವರ್ಷ ಹೊಸ ವ್ಯವಸ್ಥೆ ಕೂರಿಸಿದಾಗ ನನಗೆ ಬಂದ ಗತ್ತು ಪ್ರಾಚಾರ್ಯರಿಗೂ ಇರಲಿಲ್ಲ. ವೈಫೈಗೆ ಯಾರೇ ಬರಲಿ, ಅದು ಮೊದಲು ನೀವು ಯಾರೆಂದು ಕೇಳುತ್ತದೆ. ಆಮೇಲೆ ನಿಮ್ಮ ಯಂತ್ರವನ್ನು ತಪಾಸಣೆ ಮಾಡುತ್ತದೆ. ಒಳಗೆ ಬಿಟ್ಟ ಮೇಲೂ ಎಲ್ಲೆಲ್ಲಿ ಅಡ್ಡಾಡಿದಿರಿ ಎಂದು ಬರೆದಿಡುತ್ತದೆ. ಹೆಣ್ಣು ಕೊಡುವ ಮಾವನೂ ಇಷ್ಟು ವಿಚಾರಿಸಲಿಕ್ಕಿಲ್ಲ.

ಒಂದು ದಿನ ಕ್ಯಾಂಟೀನ್ ಕಾಕಾ ಹೊಸ ಮೊಬೈಲ್ ಹಿಡಿದು ಬಂದರು. ಸ್ಟಾಫ್ ರೂಮಿನ ಚಹಾದ ಆರ್ಡರ್ ಅದರಲ್ಲೇ ಬರಲಿ ಎಂಬುದು ಅವರ ಆಸೆ. ಹನ್ನೊಂದು ವರ್ಷ ಅವರ ಕೈಯ ಚಹಾ ಕುಡಿದ ನಾನು, ಗುರುತು ಸಾಬೀತಾಗಬೇಕೆಂದು ಆಧಾರ್, ಫೋಟೊ, ಪತ್ರ ಎಲ್ಲ ಕೇಳಿ ಮೂರು ವಾರ ಅಲೆಸಿದೆ. ಪ್ರಾಚಾರ್ಯರು ಗದರಿದ ಮೇಲೆ ಸಿಬ್ಬಂದಿ ಪಟ್ಟಿಗೆ ಸೇರಿಸಿದೆ.

ಪರೀಕ್ಷೆ ಬಂತು. ಪ್ರಶ್ನೆಪತ್ರಿಕೆಯನ್ನು ಅರ್ಧ ಗಂಟೆ ಮೊದಲು ವಿಶ್ವವಿದ್ಯಾಲಯದ ತಾಣದಿಂದ ಇಳಿಸಿಕೊಳ್ಳಬೇಕು. ಆ ತಾಣ ಕಾಲೇಜಿನ ವೈಫೈ ಬಿಟ್ಟು ಬೇರೆಲ್ಲೂ ತೆರೆಯದು. ನನ್ನ ಲ್ಯಾಪ್‌ಟಾಪನ್ನು ನನ್ನದೇ ವ್ಯವಸ್ಥೆ ಬಾಗಿಲಲ್ಲೇ ತಡೆಯಿತು. ಅಪ್‌ಡೇಟ್ ಆಗದ ಯಂತ್ರಕ್ಕೆ ಪ್ರವೇಶವಿಲ್ಲ ಎಂದು ಹಿಂದಿನ ದಿನ ನಿಯಮ ಹಾಕಿದ್ದು ನಾನೇ. ಅದನ್ನು ತೆಗೆಯಬೇಕೆಂದರೂ ಮೊದಲು ಒಳಗೆ ಹೋಗಬೇಕು. ಕಚೇರಿಯ ಕಂಪ್ಯೂಟರುಗಳು, ಸಿಬ್ಬಂದಿಯ ಮೊಬೈಲುಗಳು, ಎಲ್ಲವೂ ಹೊರಗೆ. ಮಕ್ಕಳು ಪರೀಕ್ಷಾ ಕೊಠಡಿಯಲ್ಲಿ ಕಾಯುತ್ತಿದ್ದರು. ಉಳಿದದ್ದು ಅತಿಥಿಯ ದಾರಿ. ಅತಿಥಿಗೆ ತಪಾಸಣೆ ಇಲ್ಲ. ಒಳಗಿರುವ ಒಬ್ಬರು ಪರಿಚಯ ಬರೆದು ಜಾಮೀನು ನಿಂತರೆ ಸಾಕು. ಆ ಹೊತ್ತಿಗೆ ಒಳಗಿದ್ದದ್ದು ಒಂದೇ ಯಂತ್ರ, ಅಪ್‌ಡೇಟ್ ಆಗಿಯೇ ಬಂದಿದ್ದ ಕಾಕಾರ ಹೊಸ ಮೊಬೈಲ್.

ಕ್ಯಾಂಟೀನಿಗೆ ಓಡಿ ಜಾಮೀನು ಕೇಳಿದೆ. ಕಾಕಾ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ನಿಧಾನವಾಗಿ ಕನ್ನಡಕ ಏರಿಸಿದರು.

“ಆಧಾರ್ ತಂದೀರೇನ್ರಿ ಸರ?”

ಮುಖದಲ್ಲಿ ನಗುವೇ ಇರಲಿಲ್ಲ. ಈಗಲೇ ತರುತ್ತೇನೆಂದು ನಾನು ತಿರುಗಿದೆ.

“ಇರ್ಲಿ ಬಿಡ್ರಿ. ಹನ್ನೊಂದ ವರ್ಷ ಆತು ನಿಮ್ಮನ್ನ ನೋಡಾಕತ್ತಿ,” ಎಂದರು. ಒಂದೇ ಬೆರಳಲ್ಲಿ ಏನೋ ಬರೆದು ಒತ್ತಿದರು. ಪತ್ರಿಕೆ ಇಳಿಯಿತು, ಪರೀಕ್ಷೆ ಸರಿಯಾದ ಹೊತ್ತಿಗೆ ಶುರುವಾಯಿತು.

ತಿಂಗಳ ಕೊನೆಗೆ ಆಡಳಿತ ಮಂಡಳಿಯ ಮುಂದೆ ವೈಫೈ ದಾಖಲೆ ಓದುವವನು ನಾನೇ. ಅದರ ಒಂದಕ್ಷರವನ್ನೂ ಯಾರೂ ಅಳಿಸದಂತೆ ಮಾಡಿದವನೂ ನಾನೇ. ನನ್ನ ಹೆಸರಿನ ಮುಂದೆ ‘ಅತಿಥಿ’ ಎಂದಿತ್ತು. ಪರಿಚಯದ ಜಾಗದಲ್ಲಿ ಕಾಕಾ ಬರೆದದ್ದನ್ನು ಕಂಡು ನಾಚಿಕೆಯಾಯಿತು. ಆದರೂ ಓದಿದೆ:

“ದಿನಾ ನಾಕ ಸಲ ಚಹಾಕ್ಕ ಬರ್ತಾರ. ಸಕ್ಕರಿ ಕಮ್ಮಿ, ಸೊಕ್ಕ ಸ್ವಲ್ಪ ಜಾಸ್ತಿ. ಮನಶ್ಯಾ ಛಲೋ ಅದಾರ, ಒಳಗ ಬಿಡ್ರಿ.”