ಅಮ್ಮ ಅಣಬೆ ತಿಂದರು

ಸ್ನೇಹಿತರೇ, ಇವತ್ತು ನಮ್ಮ ಮನೆಯಲ್ಲಿ ಅಣಬೆಗಾಗಿ ಜಗಳ.

ಜ್ವರ ಬಿಟ್ಟು ಹತ್ತು ದಿನವಾದರೂ ಅಮ್ಮನಿಗೆ ಗಂಜಿ ಬಿಟ್ಟು ಏನೂ ಸೇರುತ್ತಿಲ್ಲ. ಮೀನಿನ ವಾಸನೆಗೇ ಹೊಟ್ಟೆ ತೊಳಸುತ್ತದೆ. "ಅಣಬೆ ಚೆನ್ನಾಗಿ ಬೇಯಿಸಿ ಕೊಡಿ. ಸ್ವಲ್ಪ ಪ್ರೋಟೀನ್, ಬಿ ವಿಟಮಿನ್ ಸಿಗುತ್ತದೆ, ಕೊಬ್ಬೂ ಕಡಿಮೆ" ಎಂದರು ಡಾಕ್ಟರು. ಕೋಟದ ಅಂಗಡಿಯಿಂದ ಒಂದು ಪ್ಯಾಕೆಟ್ ತಂದು, ಕಾಯಿಹಾಲು ಹಾಕಿ ಗಸಿ ಮಾಡಿದೆ.

ಮಳೆಗಾಲದ ಗುಡುಗಿಗೆ ನೆಲದಿಂದ ತಾನಾಗಿ ಏಳುವುದು ಮಾತ್ರ ಅಣಬೆ ಎನ್ನುವ ಅಮ್ಮ ಬಟ್ಟಲು ದೂಡಿದರು. "ಗುಡುಗಿಗ್ ಏಳ್ದೆ ಪೆಟ್ಗಿಯಗೆ ಹುಟ್ಟದ್ದ್ ಎಂತ ಅಣಬಿ? ನಂಗ್ ಬ್ಯಾಡ."

ನಾನೂ ದನಿ ಏರಿಸಿದೆ. ಅಷ್ಟರಲ್ಲಿ ದಿನಾ ಮೀನು ತರುವ ಗಿರಿಜಕ್ಕ ಬಂದರು. ವಿಷಯ ಕೇಳಿದವರೇ ಬುಟ್ಟಿಯನ್ನು ದೂರ ಗೇಟಿನ ಹತ್ತಿರ ಇಟ್ಟು, ಕೈಕಾಲು ತೊಳೆದು ಅಮ್ಮನ ಪಕ್ಕ ಕುಳಿತರು.

"ಹ್ವಾಯ್ ಅಮ್ಮ, ನಮ್ಮನಿಯಗೂ ಇದನ್ನೇ ಮಾಡುದ್. ಗುಣ ಆದ್ಮೇಲೆ ಮೀನ್ ತಿನ್ಲಕ್ಕ್. ಇವತ್ತ್ ಇದನ್ನ್ ತಿನ್ನಿ ಕಾಂಬ" ಎಂದು ತಾವೇ ಮೊದಲ ತುತ್ತು ತಿಂದು ತೋರಿಸಿದರು.

ಅಮ್ಮ ಒಂದು ತುಂಡು ಬಾಯಿಗಿಟ್ಟರು. ಆಮೇಲೆ ಅನ್ನ ಕೇಳಿದರು! ನಾನು ಅನ್ನ ತರುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡೆ. ಗಿರಿಜಕ್ಕ ಮೀನು ಮಾರದೆಯೇ ನಗುತ್ತಾ ಹೋದರು.

ಈಗ ಅಮ್ಮ ಬಸ್ರೂರಿನ ಚಿಕ್ಕಮ್ಮನಿಗೆ ಫೋನಿನಲ್ಲಿ, "ಗಿರಿಜ ಮಾಡ್ಕೊಟ್ಟ ಅಣಬಿ ಲಾಯ್ಕಿತ್ತ್" ಎನ್ನುತ್ತಿದ್ದಾರೆ. ಬೇಯಿಸಿದವಳು ನಾನು. ಆದರೂ ಇವತ್ತಿನ ಮಟ್ಟಿಗೆ ಅಮ್ಮ ಹೇಳಿದ್ದೇ ಸರಿ.